ಅರ್ಧ ಗಂಟೆ ಐಸು

"ಇದೇನಮ್ಮಾ, ತುಟಿ ಒಳಗೆ ಎರಡು ಚುಕ್ಕೆ?" ನರ್ಸಮ್ಮ ಟಾರ್ಚನ್ನು ಇನ್ನಷ್ಟು ಹತ್ತಿರ ತಂದಳು.

ಬಾಯಿ ಅಗಲಿಸಿಕೊಂಡು ಕೂತಿದ್ದ ಟೈಲರಮ್ಮ ತಕ್ಷಣ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅವು ಗುಂಡುಸೂಜಿಯ ಗುರುತು. ಮೂವತ್ತೈದು ವರ್ಷದಿಂದ, ಬಟ್ಟೆ ಕೈಗೆ ಬಂದ ಕೂಡಲೇ ನಾಲ್ಕು ಗುಂಡುಸೂಜಿ ಅವಳ ತುಟಿಗಳ ನಡುವೆ ಹೋಗಿ ಕೂರುತ್ತಿದ್ದವು. ಈಗ ಬೇಡವೆಂದು ಆಸ್ಪತ್ರೆಯವರು ಹೇಳಿದ್ದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೊನ್ನೆ ಯಾರದೋ ಕೋಟಿನ ಅಂಚು ಮಡಿಸುವಾಗ ಸೀನು ಬಂದು ಎರಡು ಸೂಜಿ ಒಳಕ್ಕೇ ನಾಟಿದ್ದವು.

"ಗುಂಡುಸೂಜಿ," ಎಂದಳು, ಟಾರ್ಚು ಆರಿದ ಮೇಲೆ.

"ಗುಂಡುಸೂಜಿ ತಿಂದ್ರಾ?"

"ತಿಂತಾರೇನಮ್ಮಾ ಯಾರಾದ್ರೂ? ಇಟ್ಕೋತೀವಿ. ನೀನು ಕಿವಿ ಮೇಲೆ ಪೆನ್ನು ಇಟ್ಕೊಂಡಿಲ್ವಾ, ಹಾಗೆ."

ನರ್ಸಮ್ಮ ಪೆನ್ನನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡಳು. ನಗಲಿಲ್ಲ. "ಈ ಔಷಧಿ ತಗೊಳ್ಳೋರಿಗೆ ಬಾಯೊಳಗೆ ಒಂದು ಗೀರು ಬಿದ್ರೂ ಅದು ಹುಣ್ಣಾಗಿ ಕೂರುತ್ತೆ ಅಂತ ಎಷ್ಟು ಸಲ ಹೇಳಿದೀನಿ? ಗಾಯ ಒಣಗಿದೆ, ಬದುಕಿದ್ರಿ. ಇಲ್ಲಾಂದ್ರೆ ಇವತ್ತೂ ವಾಪಸ್ ಕಳಿಸ್ತಿದ್ರು."

ಬದುಕಿದೆ ಎಂದೇ ಟೈಲರಮ್ಮನಿಗೂ ಅನ್ನಿಸಿತು. ಕರುಳಿನ ಗಡ್ಡೆಯನ್ನು ಕತ್ತರಿಸಿ ತೆಗೆದು ಐದು ತಿಂಗಳಾಗಿತ್ತು. ಉಳಿದಿರಬಹುದಾದ ಬೇರು ಸಾಯಲೆಂದು ಈ ಔಷಧಿ. ಅದನ್ನು ನರಕ್ಕೆ ಬಿಡುವ ಐದು ನಿಮಿಷ ಮೊದಲೇ ಬಾಯಿ ತುಂಬ ಐಸಿನ ಚೂರು ಹಾಕಿಕೊಳ್ಳಬೇಕು, ಅರ್ಧ ಗಂಟೆ ಬಿಡದೆ ಇಟ್ಟುಕೊಳ್ಳಬೇಕು. ತಣ್ಣಗಾದ ಬಾಯಿಗೆ ರಕ್ತ ಕಡಿಮೆ ಹರಿಯುತ್ತದೆ, ರಕ್ತದ ಜೊತೆ ಬರುವ ಔಷಧಿಯೂ ಕಡಿಮೆ, ಹುಣ್ಣೂ ಕಡಿಮೆ. ಲೆಕ್ಕ ಅಷ್ಟು ಸರಳ. ಆದರೆ ಹೋದ ಸಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನ ಅಂಗಿಯ ಕಾಲರು ಒಂದು ಕಡೆ ಏರಿತ್ತು, ಒಂದು ಕಡೆ ಇಳಿದಿತ್ತು. ಏಳು ನಿಮಿಷ ಸಹಿಸಿಕೊಂಡಳು. ಎಂಟನೆಯ ನಿಮಿಷಕ್ಕೆ ಐಸನ್ನು ಲೋಟಕ್ಕೆ ಉಗಿದು, "ಇದನ್ನ ಹೊಲಿದೋನು ಕೈಯಲ್ಲಿ ಹೊಲಿದ್ನೋ ಕಾಲಲ್ಲೋ?" ಎಂದು ಕೇಳಿಯೇಬಿಟ್ಟಳು. ಹೊಲಿದದ್ದು ಅವನ ಹೆಂಡತಿ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ನಡೆದ ವಾದದಲ್ಲಿ ಗೆದ್ದದ್ದು ಟೈಲರಮ್ಮನೇ. ಮಾತಿಗೆ ಮಾತು ಕೊಡುವುದರಲ್ಲಿ ಅವಳದು ಎತ್ತಿದ ಕೈ. ಐಸು ಮಾತ್ರ ಲೋಟದಲ್ಲಿ ಕರಗಿ ನೀರಾಯಿತು.

ಒಂದು ವಾರಕ್ಕೆ ಬಾಯಿ ಪೂರ್ತಿ ಹುಣ್ಣು. ಹತ್ತು ದಿನ ನೀರನ್ನೂ ಚಮಚದಲ್ಲಿ ಕುಡಿದಳು, ಒಂದೊಂದು ಚಮಚಕ್ಕೂ ಕಣ್ಣಲ್ಲಿ ನೀರು. ಅಂಗಡಿಗೆ ಬಂದವರಿಗೆ ಕೈಸನ್ನೆಯಲ್ಲೇ ಉತ್ತರ ಕೊಟ್ಟಳು. ಹತ್ತು ದಿನದಲ್ಲಿ ಒಬ್ಬರೂ "ಯಾಕೆ ಮಾತಾಡ್ತಿಲ್ಲ?" ಎಂದು ಕೇಳಲಿಲ್ಲ. ಬಾಯಲ್ಲಿ ಗುಂಡುಸೂಜಿ ಇರಬೇಕು ಅಂದುಕೊಂಡರೋ ಏನೋ. ಹುಣ್ಣಿನ ನೋವಿಗಿಂತ ಅದೇ ಅವಳನ್ನು ಹೆಚ್ಚು ನೋಯಿಸಿತು. ಮುಂದಿನ ಔಷಧಿ ಎರಡು ವಾರ ಮುಂದಕ್ಕೆ ಹೋಯಿತು. "ಇನ್ನೊಂದು ಸಲ ಹೀಗಾದ್ರೆ ಔಷಧೀನೇ ಕಮ್ಮಿ ಮಾಡ್ಬೇಕಾಗುತ್ತೆ," ಎಂದಿದ್ದರು ಡಾಕ್ಟರು. "ಕಮ್ಮಿ ಮಾಡಿದ್ರೆ ಗಡ್ಡೆ ಸುಮ್ನಿರುತ್ತೆ ಅಂತ ನಾನು ಮಾತು ಕೊಡಲಾರೆ."

ಆಗ ಕೊಟ್ಟದ್ದು ಒಂದು ಕಾರ್ಡು. ಮೆತ್ತನೆ ಬ್ರಷ್ಷು, ದಿನಕ್ಕೆ ನಾಲ್ಕು ಸಲ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಮತ್ತು ಮನೆಯವರೊಬ್ಬರು ದಿನಾ ಟಾರ್ಚು ಹಾಕಿ ಬಾಯೊಳಗೆ ನೋಡಿ ಸಹಿ ಹಾಕುವುದು. ಬ್ರಷ್ಷು ಕೊಂಡಳು. ನೀರು ಮುಕ್ಕಳಿಸಿದಳು. ಮನೆಯವರನ್ನು ಎಲ್ಲಿಂದ ತರುವುದು? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಹದಿನಾಲ್ಕು ದಿನವೂ ತಂಗಿಯ ಸಹಿಯನ್ನು ತಾನೇ ಹಾಕಿದಳು.

"ಕಾರ್ಡಲ್ಲಿ ಎಲ್ಲಾ ದಿನ 'ಸರಿ ಇದೆ' ಅಂತ ಬರೆದಿದಾರೆ ನಿಮ್ ತಂಗಿ," ನರ್ಸಮ್ಮ ಹೇಳಿದಳು. "ಈ ಚುಕ್ಕೆ ಕಾಣ್ಲಿಲ್ವಂತಾ ಅವ್ರಿಗೆ? ಕೇಳೇಬಿಡೋಣ. ಬರೋಕೆ ಹೇಳಿದೀನಿ."

"ಯಾರಿಗೆ?"

"ನಿಮ್ ತಂಗಿಗೆ. ಫಾರಂನಲ್ಲಿ ನಂಬರ್ ಬರೆದಿದೀರಲ್ಲ? ಇವತ್ತು ಜೊತೆಗೆ ಒಬ್ರು ಇರ್ಲೇಬೇಕು ಅಂತ ನಿನ್ನೆ ಫೋನ್ ಮಾಡ್ದೆ."

ಟೈಲರಮ್ಮ ಆ ನಂಬರು ಬರೆದದ್ದು ಬೇರೆ ಯಾವ ನಂಬರೂ ತನಗೆ ಬಾಯಿಪಾಠ ಇರಲಿಲ್ಲವೆಂದು. ನಾಲ್ಕು ವರ್ಷದಿಂದ ಅದಕ್ಕೆ ಅವಳು ಒಂದು ಸಲವೂ ಫೋನು ಮಾಡಿರಲಿಲ್ಲ, ಅತ್ತಲಿಂದಲೂ ಬಂದಿರಲಿಲ್ಲ. "ಬರಲ್ಲ ಬಿಡು ಅವಳು," ಎಂದಳು.

ಬಂದಳು. ಹಾಸಿಗೆ ಕವರು ಹೊಲಿಯುವ ಕಾರ್ಖಾನೆಯ ನೀಲಿ ಮೇಲಂಗಿಯಲ್ಲೇ, ರಾತ್ರಿ ಪಾಳಿ ಮುಗಿಸಿ ಸೀದಾ ಬಂದಿದ್ದಳು. ತೋಳಿಗೆ ಬಿಳಿ ದಾರದ ತುಂಡುಗಳು ಅಂಟಿಕೊಂಡಿದ್ದವು. ಕಣ್ಣ ಕೆಳಗೆ ಕಪ್ಪಾಗಿತ್ತು. ಎರಡು ಸಾಲು ಕುರ್ಚಿಗಳ ನಡುವೆ ನಡೆದು ಬಂದು ಅಕ್ಕನ ಎದುರು ನಿಂತಳು. ಹೇಗಿದ್ದೀಯ ಎನ್ನಲಿಲ್ಲ. ಭುಜದಿಂದ ಸೊಂಟದವರೆಗೆ ಒಂದು ಸಲ ನೋಡಿದಳು, ಇಬ್ಬರೂ ಒಂದೇ ಕಸುಬಿನವರು.

"ಮೂರು ಇಂಚು ಇಳಿದಿದೀಯ," ಎಂದಳು.

"ಎರಡೂವರೆ," ಎಂದಳು ಟೈಲರಮ್ಮ.

ನರ್ಸಮ್ಮ ಕಾರ್ಡನ್ನು ತಂಗಿಯ ಕೈಗೆ ಕೊಟ್ಟಳು. "ದಿನಾ ನೋಡಿ ಸಹಿ ಹಾಕಿರೋದು ನೀವೇ ತಾನೇ?"

ತಂಗಿ ಕಾರ್ಡು ನೋಡಿದಳು. ಹದಿನಾಲ್ಕು ಸಾಲು, ಹದಿನಾಲ್ಕು ಸಹಿ. ಕೊನೆಯ ಅಕ್ಷರಕ್ಕೆ ಅವಳು ಎಳೆಯುವ ಬಾಲವನ್ನೂ ಅಕ್ಕ ಬಿಟ್ಟಿರಲಿಲ್ಲ. ಟೈಲರಮ್ಮ ಕಿಟಕಿಯ ಕಡೆ ತಿರುಗಿದಳು. ಈಗ ಎಲ್ಲರ ಎದುರು ಮರ್ಯಾದೆ ಹೋಗುತ್ತದೆ, ಹೋಗಲಿ, ಹೋಗಬೇಕಾದದ್ದೇ.

"ಹೌದು, ನಾನೇ," ಎಂದಳು ತಂಗಿ.

"ಮತ್ತೆ ತುಟಿ ಒಳಗಿನ ಗಾಯ?"

"ಕಾಣ್ಲಿಲ್ಲ. ನನ್ನದೇ ತಪ್ಪು."

ನರ್ಸಮ್ಮ ಸುಮ್ಮನೆ ಬಿಡುವವಳಲ್ಲ. ಕಣ್ಣು ಎಲ್ಲಿತ್ತು ಎಂದಳು, ರೋಗಿಗೆ ಬುದ್ಧಿ ಇಲ್ಲದಿದ್ದರೆ ಮನೆಯವರಿಗಾದರೂ ಬೇಡವೇ ಎಂದಳು. ತಂಗಿ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು. ಆ ತಲೆ ತಗ್ಗಿಸಿದ ಭಂಗಿ ಟೈಲರಮ್ಮನಿಗೆ ಚೆನ್ನಾಗಿ ಗೊತ್ತು. ನೋಡಲಾಗಲಿಲ್ಲ.

ಐಸಿನ ಲೋಟ ಬಂತು. "ಅರ್ಧ ಗಂಟೆ. ನಾಲಿಗೆ ಕೆಳಗೆ, ಕೆನ್ನೆ ಒಳಗೆ, ಎಲ್ಲಾ ಕಡೆ ಆಡಿಸ್ತಾ ಇರ್ಬೇಕು. ಕರಗಿದ ಹಾಗೆ ಇನ್ನೊಂದು. ಮಾತು ಮಾತ್ರ ಇಲ್ಲ," ಎಂದು ನರ್ಸಮ್ಮ ತಂಗಿಗೆ ಒಪ್ಪಿಸಿದಳು. ಟೈಲರಮ್ಮ ಐಸು ಬಾಯಿಗೆ ಹಾಕಿಕೊಂಡ ಮೇಲೆ ಐದು ನಿಮಿಷ ಕಾದು ಔಷಧಿಯನ್ನು ನಿಧಾನವಾಗಿ ನರಕ್ಕೆ ತಳ್ಳಿದಳು, ಮೇಲೆ ತೂಗುತ್ತಿದ್ದ ಬಾಟಲಿಯ ಹನಿ ಸರಿಮಾಡಿ ಹೊರಟುಹೋದಳು.

ತಂಗಿ ಸ್ಟೂಲನ್ನು ಗೋಡೆಗೆ ಎಳೆದುಕೊಂಡು ಕೂತಳು. ಲೋಟ ಮಡಿಲಲ್ಲಿತ್ತು. ಕಾರ್ಡನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಹದಿನಾಲ್ಕು ಸಲ ನನ್ನ ಹೆಸರು ಬರ್ದಿದೀಯ," ಕೊನೆಗೆ ಹೇಳಿದಳು. "ಒಂದು ಸಲ ಫೋನ್ ಮಾಡೋಕಾಗ್ಲಿಲ್ವಾ ಅಕ್ಕಾ?"

ಟೈಲರಮ್ಮ ತಲೆ ಅಲ್ಲಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

"ಈಗ ಹೇಳ್ತೀನಿ ಕೇಳು. ಯಾವತ್ತೂ ನಿನ್ನೆದುರು ಒಂದು ವಾಕ್ಯ ಪೂರ್ತಿ ಆಡೋಕೆ ಬಿಟ್ಟಿಲ್ಲ ನೀನು."

ತಂಗಿ ನಾಲ್ಕು ವರ್ಷ ಹಿಂದಿನ ಒಂದು ಕೋಟಿನ ವಿಷಯ ಎತ್ತಿದಳು. ಗಂಡ ಬಿಟ್ಟ ಮೇಲೆ ಅವಳು ಅಕ್ಕನ ಮನೆಗೆ ಬಂದು, ಅಂಗಡಿಯ ಎರಡನೆಯ ಮಿಷನ್ನಿನಲ್ಲಿ ಒಂಬತ್ತು ವರ್ಷ ಕೂತಿದ್ದಳು. ಅಕ್ಕ ಅಳತೆ ತೆಗೆಯುವುದು, ತಂಗಿ ಕತ್ತರಿಸುವುದು. ಒಂದು ದಿನ ದುಬಾರಿ ಉಣ್ಣೆ ಬಟ್ಟೆಯ ಕೋಟಿನ ತೋಳು ಎರಡು ಇಂಚು ಗಿಡ್ಡ ಬಂತು. ಕೋಟಿನವನು ಕೂಗಾಡಿದ. ಅಂಗಡಿ ತುಂಬ ಜನ. ಅವರೆಲ್ಲರ ಎದುರು ಅಕ್ಕ, "ಸಂಸಾರ ಕೆಡಿಸ್ಕೊಂಡು ಬಂದೋಳ ಕೈಗೆ ಕತ್ತರಿ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ," ಎಂದಿದ್ದಳು.

"ಅಳತೆ ಪುಸ್ತಕ ನನ್ನೆದುರಿಗೇ ಇತ್ತು," ತಂಗಿ ಹೇಳಿದಳು. ದನಿ ಏರಲಿಲ್ಲ. "ತೋಳು ಇಪ್ಪತ್ಮೂರೂವರೆ ಬರೀಬೇಕಾದ ಕಡೆ ಇಪ್ಪತ್ತೊಂದೂವರೆ ಬರ್ದಿದ್ದೆ ನೀನು. ನಿನ್ನ ಕೈಬರಹ. ಅಷ್ಟು ಜನರ ಮುಂದೆ ತೋರಿಸಿದ್ರೆ ನಿನ್ನ ಅಂಗಡಿ ಹೆಸರು ಹೋಗುತ್ತೆ ಅಂತ ಸುಮ್ನಾದೆ. ಆಮೇಲೆ ನೀನು ಆ ಮಾತು ಅಂದೆ."

ಇನ್ನೊಂದು ಚೂರು ತೆಗೆದು ಅಕ್ಕನ ಬಾಯಿಗಿಟ್ಟಳು.

"ನಿನಗೆ ಗೊತ್ತಾಗ್ಲೇ ಇಲ್ಲ, ಪಾಪ, ಅಂತ ಅಂದ್ಕೊಂಡೇ ನಾಲ್ಕು ವರ್ಷ ಕಳ್ದೆ. ಗೊತ್ತಾಗಿದ್ರೆ ಬಂದು ಕರೀದೆ ಇರ್ತಿದ್ಯಾ? ಎಷ್ಟಾದ್ರೂ ಅಕ್ಕ ನೀನು."

ಟೈಲರಮ್ಮನ ಹಲ್ಲು ಜುಮ್ಮೆಂದವು. ಗೊತ್ತಿತ್ತು. ತಂಗಿ ಚೀಲ ಹಿಡಿದು ಹೋದ ಸಂಜೆಯೇ ಪುಸ್ತಕ ತೆರೆದು ನೋಡಿದ್ದಳು. ಆ ಹಾಳೆಯನ್ನು ಹರಿದು, ನಾಲ್ಕು ಚೂರು ಮಾಡಿ, ತುಂಡು ಬಟ್ಟೆಯ ಮೂಟೆಯೊಳಗೆ ತುರುಕಿದ್ದಳು. ಮರುದಿನ ಹೋಗಿ ಕರೆಯಬೇಕು ಅಂದುಕೊಂಡಳು, ಮರುವಾರ ಅಂದುಕೊಂಡಳು, ಆಮೇಲೆ ಕರೆಯಲು ಹೋದರೆ ಇಷ್ಟು ದಿನ ಯಾಕೆ ಬರಲಿಲ್ಲವೆಂದು ಹೇಳಬೇಕಾಗುತ್ತಿತ್ತು. ತಪ್ಪು ಎರಡು ಇಂಚಿನದು. ಅದನ್ನು ಒಪ್ಪಿಕೊಳ್ಳಲಾಗದೆ ನಾಲ್ಕು ವರ್ಷ ಒಂದೇ ತಟ್ಟೆ ತೊಳೆದಿಟ್ಟಿದ್ದಳು.

ಹೇಳಿಬಿಡಬೇಕು ಅನ್ನಿಸಿತು, ಈಗಲೇ. ಸೂಜಿ ಇಲ್ಲದ ಕೈಯನ್ನು ಲೋಟಕ್ಕೆ ಚಾಚಿದಳು, ಬಾಯಲ್ಲಿದ್ದದ್ದನ್ನು ಉಗಿಯಲು. ತಂಗಿ ಲೋಟವನ್ನು ಹಿಂದಕ್ಕೆ ಎಳೆದುಕೊಂಡಳು.

"ಉಗೀಬೇಡ. ಇನ್ನೂ ಹನ್ನೊಂದು ನಿಮಿಷ ಇದೆ. ಜಗಳ ಆಮೇಲೆ ಆಡೋಣ, ಬಾಯಿ ಮೊದ್ಲು ಉಳೀಲಿ."

ಟೈಲರಮ್ಮ ಬಾಯಿ ಮುಚ್ಚಿದಳು. ಐಸನ್ನು ನಾಲಿಗೆಯ ಕೆಳಗೆ ತಳ್ಳಿದಳು, ಕೆನ್ನೆಗೆ ತಳ್ಳಿದಳು. ತಂಗಿ ಕೊಟ್ಟ ಹಾಗೆಲ್ಲ ಇನ್ನೊಂದನ್ನು ತೆಗೆದುಕೊಂಡಳು. ಎದುರಿನ ಕುರ್ಚಿಯಲ್ಲಿದ್ದವನಿಗೆ ಅವನ ಮಗಳು ಪೇಪರು ಓದಿ ಹೇಳುತ್ತಿದ್ದಳು. ನಿಜ ಹೇಳಿದರೆ ತಂಗಿ ಎದ್ದು ಹೋಗುತ್ತಾಳೆ. ಹೇಳದಿದ್ದರೆ ಇಲ್ಲೇ ಕೂತಿರುತ್ತಾಳೆ, ಗೊತ್ತಿಲ್ಲದ ಪಾಪದ ಅಕ್ಕನ ಪಕ್ಕದಲ್ಲಿ. ಇವೆರಡರಲ್ಲಿ ಯಾವುದು ಹೆಚ್ಚು ಒಂಟಿತನ ಎಂದು ಅವಳಿಗೆ ಬಗೆಹರಿಯಲಿಲ್ಲ. ಹೇಳಲೇಬೇಕು. ಮೊದಲ ಮಾತು ಯಾವುದಿರಬೇಕೆಂದು ಮನಸ್ಸಿನಲ್ಲೇ ಜೋಡಿಸಿದಳು, ಬಿಚ್ಚಿದಳು, ಮತ್ತೆ ಜೋಡಿಸಿದಳು. ಮಾತು ಜೋಡಿಸಲು ಅವಳು ಇಷ್ಟು ಹೊತ್ತು ತೆಗೆದುಕೊಂಡದ್ದು ಜನ್ಮದಲ್ಲಿ ಇದೇ ಮೊದಲು.

ನರ್ಸಮ್ಮ ದೂರದಿಂದಲೇ ಗಡಿಯಾರ ತೋರಿಸಿದಳು. "ಆಯ್ತು! ಇನ್ನು ಎಷ್ಟು ಬೇಕೋ ಅಷ್ಟು ಮಾತಾಡಿ."

ಟೈಲರಮ್ಮ ಉಳಿದ ನೀರನ್ನು ನುಂಗಿ, ಮರಗಟ್ಟಿದ ತುಟಿಯನ್ನು ಒರೆಸಿಕೊಂಡು, ತಂಗಿಯ ಕಡೆ ತಿರುಗಿದಳು.

ತಂಗಿ ನಿದ್ದೆ ಹೋಗಿದ್ದಳು. ತಲೆ ಹಿಂದಕ್ಕೆ ಗೋಡೆಗೆ ಒರಗಿತ್ತು, ಲೋಟ ಮಡಿಲಲ್ಲಿ ಓರೆಯಾಗಿತ್ತು, ಬಾಯಿ ಅರ್ಧ ತೆರೆದಿತ್ತು. ಕಿಟಕಿಯ ಬೆಳಕು ನೇರ ಅದರೊಳಗೆ ಬಿದ್ದಿತ್ತು. ಎಡಗಡೆ ಕೆಳಗೆ, ಹಿಂದಿನ ಎರಡು ದವಡೆ ಹಲ್ಲು ಇರಲಿಲ್ಲ. ಹಲ್ಲಿನ ಡಾಕ್ಟರ ಹೆಸರೆತ್ತಿದರೆ ಮಂಚದ ಕೆಳಗೆ ಸೇರುತ್ತಿದ್ದ ಹುಡುಗಿ ಇವಳು. ದೊಡ್ಡವಳಾದ ಮೇಲೂ ಅಕ್ಕ ಕೈ ಹಿಡಿದು ಕೂರದೆ ಆ ಕುರ್ಚಿ ಹತ್ತಿದವಳಲ್ಲ. ಯಾವಾಗ ಕೀಳಿಸಿದಳೋ. ಜೊತೆಗೆ ಯಾರಿದ್ದರೋ.

ಔಷಧಿಯ ಕೊಳವೆ ಎಳೆಯದಂತೆ ಕೈಯನ್ನು ಮೆಲ್ಲಗೆ ಸರಿಸಿಕೊಂಡು, ಟೈಲರಮ್ಮ ತಂಗಿಯ ಉಸಿರು ಮುಖಕ್ಕೆ ತಾಕುವಷ್ಟು ಹತ್ತಿರ ಬಾಗಿ, ಅಲ್ಲಿ ಗಾಯ ಪೂರ್ತಿ ಮಾಗಿದೆಯೇ ಎಂದು ನೋಡಿದಳು.