ವೇರಾ ಅಜ್ಜಿಯ ಕಷಾಯ

ಮಾಲ್ಡೋವಾದಲ್ಲಿ ಡಾಕ್ಟರಿಕೆ ಓದುವಾಗ ನಳಿನಿಗೆ ನೆಗಡಿಯಾದರೆ ಮನೆಯೊಡತಿ ವೇರಾ ಅಜ್ಜಿ ಜೇನು, ಕಾಳುಮೆಣಸು ಹಾಕಿದ ಕೆಂಪು ಕಷಾಯ ಕಾಯಿಸಿ ಕೊಡುತ್ತಿದ್ದಳು. ಟೆಕ್ಸಸ್ಸಿನ ಶುಗರ್ ಲ್ಯಾಂಡ್ ಊರಿಗೆ ಬಂದು ಎಷ್ಟೋ ವರ್ಷವಾದರೂ ನಳಿನಿ ಆ ರುಚಿಯನ್ನು ಹುಡುಕುತ್ತಲೇ ಇದ್ದಳು. ಯಾವ ಬೇರು, ಯಾವ ತೊಗಟೆ ಕುದಿಸಿದರೂ ಅದು ಬರುತ್ತಿರಲಿಲ್ಲ.

ಈ ಶನಿವಾರ ಗೆಳತಿಯ ಮಗಳು ತನುಶ್ರೀ ಆಸ್ಟಿನ್‌ನಿಂದ ಬಂದಳು. ಅವಳು ಮಾಲ್ಡೋವಾದ ರೆಡ್ ವೈನ್ ತರಿಸಿ ಟೆಕ್ಸಸ್ಸಿನ ಅಂಗಡಿಗಳಿಗೆ ಮಾರುತ್ತಾಳೆ.

"ಅಲ್ಲಿ ಚಳಿಗೆ ಹೀಗೇ ಕುಡಿಯೋದಂತೆ, ಆಂಟಿ," ಎನ್ನುತ್ತ ಒಂದು ಬಾಟಲಿಯನ್ನು ಪಾತ್ರೆಗೆ ಸುರಿದು, ಮೆಣಸು, ಜೇನು ಹಾಕಿ ಕಾಯಿಸಿದಳು.

ಆವಿ ಮೂಗಿಗೆ ತಾಕಿದ್ದೇ ನಳಿನಿ ಕುರ್ಚಿ ಎಳೆದುಕೊಂಡು ಕೂತಳು. "ಇದು ವೇರಾ ಅಜ್ಜಿ ಕಷಾಯ."

ಹನಿ ಹೆಂಡ ಮುಟ್ಟದ ಗಂಡ ಉದಯಶಂಕರ ತಲೆಯೆತ್ತಿದ. "ಅಂದ್ರೆ ಓದಿದಷ್ಟೂ ವರ್ಷ ಕುಡೀತಿದ್ಯಾ? ನಿಮ್ಮನೆಯವ್ರು ನಮ್ಮಮ್ಮಂಗೆ ಮಡಿ ಹುಡುಗಿ ಅಂತ ಹೇಳಿದ್ರಲ್ಲೇ."

"ನೆಗಡಿ ಆದಾಗ ಮಾತ್ರ ರೀ."

ನಳಿನಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗುಟುಕರಿಸಿದಳು. ಆಗೆಲ್ಲ ನೆಗಡಿಯಿಲ್ಲದೆ ಬರೀ ಊರು ನೆನಪಾದಾಗಲೂ ಅವಳು ಸುಳ್ಳೇ ಕೆಮ್ಮುತ್ತಿದ್ದಳು. ಅಜ್ಜಿ ಒಂದು ದಿನವೂ ಹಣೆ ಮುಟ್ಟಿ ನೋಡಲಿಲ್ಲ; ಸೀದಾ ಲೋಟ ತರುತ್ತಿದ್ದಳು.