ಫಾತಿಹಾಕ್ಕೆ ಎತ್ತಿದ ಕೈ

ಬಾಗಿಲ ಗಂಟೆ ಸದ್ದಾದಾಗ ಫೌಕಿಯಾ ಮಗಳ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ಎರಡನ್ನೂ ಬಿಚ್ಚು. ಒಂದು ಗಂಟೆ ತಡ್ಕೊ. ಅವರು ಬರ್ತಿರೋದು ನಿನ್ನ ನೋಡೋಕೆ, ನಿನ್ನ ಕಿವಿ ನೋಡೋಕಲ್ಲ."

ಇನ್ಶಿರಾಹ್ ಕಿವಿಯ ಯಂತ್ರಗಳನ್ನು ತೆಗೆದು ತಾಯಿಯ ಕೈಗಿಟ್ಟಳು. ಫೌಕಿಯಾ ಅವನ್ನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಹಿಂದೆ ತಳ್ಳಿದಳು.

ಈಜಿಪ್ಟಿನ ಮಹಲ್ಲಾ ಊರಿನ ಬಟ್ಟೆ ಗಿರಣಿಯಲ್ಲಿ ಇನ್ಶಿರಾಹ್ ಹನ್ನೊಂದು ವರ್ಷ ಮಗ್ಗಗಳ ನಡುವೆ ನಿಂತಿದ್ದಳು. ಆ ಗದ್ದಲದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದರು. ಹಾಗಾಗಿ ತನ್ನ ಕಿವಿ ಹೋಗುತ್ತಿದೆಯೆಂದು ಅವಳಿಗೆ ಬಹಳ ದಿನ ತಿಳಿಯಲೇ ಇಲ್ಲ. ಪರೀಕ್ಷೆ ಮಾಡಿದ ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಎರಡೂ ಒಂದೇ ಸಮ ಹೋಗಿವೆ ಮಗಳೇ, ವಾಪಸ್ ಬರಲ್ಲ. ಇದ್ದಷ್ಟನ್ನ ಉಳಿಸ್ಕೊ. ಎರಡು ಕಿವಿಗೂ ಹಾಕು. ಎದುರಿಗೆ ಬಂದು ಮಾತಾಡಿ ಅಂತ ಜನಕ್ಕೆ ಹೇಳು. ನಾಚ್ಕೊಂಡು ಕೂತ್ರೆ ಯಾರೂ ಬಂದು ಹೇಳಲ್ಲ." ಜನಕ್ಕೆ ಹೇಳುವುದೊಂದನ್ನು ಇನ್ಶಿರಾಹ್ ಮಾಡಿರಲಿಲ್ಲ.

ಬಂದವರು ದಿನಸಿ ಅಂಗಡಿಯ ಸಬ್ರಿ ಮತ್ತು ಅವನ ತಾಯಿ ಹಾಜಾ ನಈಮಾ. ಸಬ್ರಿಯ ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಮೂರು ಮಕ್ಕಳು. ಸತ್ತವಳ ತೋಳಿನ ಮೇಲಿದ್ದ ಹೊಡೆತದ ಕಲೆಗಳನ್ನು ಇನ್ಶಿರಾಹ್ ಕಣ್ಣಾರೆ ಕಂಡಿದ್ದಳು. ಬೇಡವೆಂದು ತಾಯಿಗೆ ಹೇಳಿಯಾಗಿತ್ತು. ತಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೆದುರು ಚಿಕ್ಕಪ್ಪ ತನ್ನ ಒಪ್ಪಿಗೆ ಕೇಳಲೇಬೇಕಲ್ಲ, ಆಗ ಹೇಳಿದರಾಯಿತು ಎಂದು ಅವಳು ಕಾದಿದ್ದಳು.

ಚಿಕ್ಕಪ್ಪ ಶಾಕಿರ್ ಅವಳ ಪಕ್ಕಕ್ಕೇ ಕುಳಿತರು. ಪಕ್ಕದಿಂದ ಕಂಡದ್ದು ಅವರ ದಪ್ಪ ಮೀಸೆ ಮಾತ್ರ. ಅವಳು ಎದುರಿಗಿದ್ದವರ ತುಟಿಗಳ ಮೇಲೆ ಕಣ್ಣು ನೆಟ್ಟಳು. ಹಾಜಾ ನಈಮಾ ಗೋಡೆಯ ಮೇಲಿದ್ದ ಅಪ್ಪನ ಪಟ ನೋಡಿ "ದೇವರು ಅವರಿಗೆ ಕರುಣೆ ತೋರಲಿ" ಅಂದದ್ದು ತಿಳಿಯಿತು. ಮೀಸೆ ಸ್ವಲ್ಪ ಹೊತ್ತು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಆಮೇಲೆ ಎಲ್ಲರೂ ಅಂಗೈ ಬಿಡಿಸಿ ಎತ್ತಿದರು.

ತೀರಿಕೊಂಡ ಅಪ್ಪನಿಗಾಗಿ ಫಾತಿಹಾ ಪ್ರಾರ್ಥನೆ, ಅಂದುಕೊಂಡಳು. ಅವಳೂ ಕೈ ಎತ್ತಿ, ಕಣ್ಣು ಮುಚ್ಚಿ, ಮನಸ್ಸಿಟ್ಟು ಓದಿ, ಅಂಗೈಯಿಂದ ಮುಖ ಸವರಿಕೊಂಡಳು.

ಕಣ್ಣು ಬಿಟ್ಟಾಗ ಹಾಜಾ ನಈಮಾ ಅವಳ ಬೆರಳಿಗೆ ಉಂಗುರ ತೊಡಿಸುತ್ತಿದ್ದರು. ಬಾಗಿಲಲ್ಲಿ ತಾಯಿಯ ನಾಲಿಗೆ ಸಂಭ್ರಮದ ಉಲುಲಿ ಕೂಗಿಗಾಗಿ ಅಲುಗುತ್ತಿತ್ತು, ಅವಳಿಗೆ ಸದ್ದು ಕೇಳಿಸಲಿಲ್ಲ.

ಇನ್ಶಿರಾಹ್ ಎದ್ದು ಅಡುಗೆಮನೆಗೆ ಹೋದಳು. ಎರಡೂ ಕಿವಿಗೆ ಯಂತ್ರ ಹಾಕಿಕೊಂಡು, ಕೂದಲನ್ನೂ ಮುಸುಕನ್ನೂ ಹಿಂದಕ್ಕೆ ಸರಿಸಿ ಬಂದು ನಿಂತಳು.

"ಚಿಕ್ಕಪ್ಪ, ನೀವು ಕೇಳಿದ್ದು ನನಗೆ ಕೇಳಿಸ್ಲಿಲ್ಲ. ಇನ್ನೊಂದು ಸಲ ಕೇಳಿ."

"ಎರಡು ಸಲ ಕೇಳ್ದೆ. ನೀನು ಸುಮ್ನಿದ್ದೆ. ನಾಚ್ಕೊಂಡು ಒಪ್ಪಿದೆ ಅಂದ್ಕೊಂಡ್ವಿ. ಮದುವೆ ನಿಶ್ಚಯದ ಫಾತಿಹಾಕ್ಕೆ ಕೈ ಬೇರೆ ಎತ್ತಿದೆ."

"ಅಪ್ಪನಿಗೆ ಅಂತ ಎತ್ತಿದ್ದು. ಈ ಮದುವೆ ನನಗೆ ಬೇಡ."

ತನ್ನ ದನಿ ಎಷ್ಟು ಜೋರಾಗಿತ್ತೋ ಅವಳಿಗೆ ತಿಳಿಯಲಿಲ್ಲ. ಸಬ್ರಿ ಮಾತ್ರ ಶರಬತ್ತಿನ ಲೋಟ ಕೆಳಗಿಟ್ಟ.

"ಕಿವುಡಿನಾ ಇವಳು?" ಹಾಜಾ ನಈಮಾ ಫೌಕಿಯಾಳ ಕಡೆ ತಿರುಗಿದರು. "ಹುಳ ಬಿದ್ದ ಹಿಟ್ಟನ್ನ ಮೇಲ್ಮೇಲೆ ಜರಡಿ ಹಿಡಿದು ಮಾರ್ತೀಯೇನಮ್ಮ?"

ತಾಯಿ ಬಾಯಿಗೆ ಮುಸುಕಿನ ತುದಿ ಒತ್ತಿಕೊಂಡಳು. ಚಿಕ್ಕಪ್ಪ ಎದ್ದು ಸಬ್ರಿಯ ಭುಜ ಹಿಡಿದರು.

"ತಪ್ಪಾಯ್ತು ಹಾಜಾ. ಹುಡುಗಿ ಬೇಡ ಅಂದ್ಲು ಅನ್ನೋ ಮಾತು ಹೊರಗೆ ಹೋದ್ರೆ ನಿಮ್ಮ ಮಗನಿಗೂ ಅವಮಾನ, ನನಗೂ ಅವಮಾನ. ಕಿವುಡಿ ಅಂತ ಗೊತ್ತಾಗಿ ನೀವೇ ಬಿಟ್ರಿ. ಹಾಗೇ ಹೇಳಿ."

ಹಾಜಾ ನಈಮಾ ಆಗಲಿ ಎಂಬಂತೆ ತಲೆಯಾಡಿಸಿದರು, ಉಂಗುರಕ್ಕೆ ಕೈ ಚಾಚಿದರು.

"ನಾನು ಬೇಡ ಅಂದೆ," ಅಂದಳು ಇನ್ಶಿರಾಹ್. ಯಾರೂ ತಿರುಗಿ ನೋಡಲಿಲ್ಲ. ಅವಳು ಉಂಗುರ ಕಳಚಿ ಕೊಟ್ಟಳು. ಅವರು ಮೆಟ್ಟಿಲಿಳಿಯುವಾಗ ಕೆಳಮನೆಯವಳು ಉಲುಲಿ ಕೇಳಿ ಸಂಭ್ರಮ ಏನೆಂದು ವಿಚಾರಿಸಿದ್ದೂ, ಹಾಜಾ ನಈಮಾ ಉತ್ತರ ಕೊಟ್ಟದ್ದೂ ಒಂದಕ್ಷರ ಬಿಡದೆ ಅವಳಿಗೆ ಕೇಳಿಸಿತು.