ಸೋಸುವ ಬಟ್ಟೆ

"ಕುಡೀಬ್ಯಾಡ, ಮೂಸಬ್ಯಾಡ. ಬರೇ ನೋಡಿ ಹೇಳು," ಎಂದು ಯಂಕೋಬ ಗುತ್ತೇದಾರ ಗಾಜಿನ ಗ್ಲಾಸನ್ನು ದುರುಗಪ್ಪನ ಕೈಯಲ್ಲಿಟ್ಟ.

ಗಂಗಾವತಿಯ ಯಂಕೋಬನ ಸೇಂದಿ ಅಂಗಡಿಯ ಅಂಗಳದಲ್ಲಿ ಇಪ್ಪತ್ತು ಮಂದಿಯಾದರೂ ಕೂತಿದ್ದರು. ಗದ್ದೆ ಕೆಲಸ ಮುಗಿಸಿ ಕೆಸರುಗಾಲಲ್ಲೇ ಬಂದವರು. ಪುಕ್ಕಟೆ ತಮಾಷೆ ಸಿಗುತ್ತದೆಂದರೆ ಕೈಯಲ್ಲಿದ್ದ ಸೇಂದಿಯನ್ನೂ ಮರೆಯುವ ಜನ. ದುರುಗಪ್ಪ ಗ್ಲಾಸನ್ನು ಬಿಸಿಲಿಗೆ ಎತ್ತಿ ಹಿಡಿದ. ಹಿಡಿಯುವ ಠೀವಿ ಮೂವತ್ತು ವರ್ಷದ್ದು. ಕಣ್ಣು ಮಾತ್ರ ಎರಡು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಬೆಳಕಿದ್ದ ಕಡೆ ಬೆಳಕು, ಇಲ್ಲದ ಕಡೆ ಮಬ್ಬು, ಅಷ್ಟೇ ಅವನಿಗೆ ತಿಳಿಯುತ್ತಿತ್ತು.

ಮರಳಿ ಊರಿನ ಈಚಲ ಬನದಿಂದ ಗಡಿಗೆಗಳಲ್ಲಿ ಬರುವ ಸೇಂದಿಯನ್ನು ಸೋಸಿ ತಿಳಿ ಮಾಡುವುದು ಅವನ ಕಸುಬು. ಬರೀ ಕೂಲಿಗಳಿಗೆ ಮಾರುವುದಾದರೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೊಣ, ಜೇನುಹುಳ, ಈಚಲ ಸಿಪ್ಪೆ ಹೋದರೆ ಆಯಿತು. ಆದರೆ ಯುದ್ಧ ಶುರುವಾಗಿ ಸಿಕಂದರಾಬಾದಿನಿಂದ ಬರುತ್ತಿದ್ದ ಬೀರು ನಿಂತುಹೋಗಿತ್ತು. ಕೊಪ್ಪಳದ ಬಂಗಲೆಯೊಂದರಲ್ಲಿ ವಾರಕ್ಕೊಮ್ಮೆ ಸಾಹೇಬರು ಸೇರುತ್ತಿದ್ದರು. ಬೀರಿಲ್ಲದೆ ಅವರ ಗಂಟಲು ಒಣಗಿತ್ತು. ಯಂಕೋಬ ಹಳೇ ಬೀರು ಬಾಟಲಿಗಳನ್ನೇ ತರಿಸಿ, ತೊಳೆಸಿ, ಅದರಲ್ಲಿ ದುರುಗಪ್ಪ ಸೋಸಿದ ಸೇಂದಿ ತುಂಬಿ, ಬೂಚು ಜಡಿದು ಕಳಿಸತೊಡಗಿದ. ಸಾಹೇಬರು ಬಾಟಲಿಯನ್ನು ದೀಪಕ್ಕೆ ಹಿಡಿದು, ಆಚೆಯ ಗೋಡೆ ಕಾಣುತ್ತದೆಂದು ಮೆಚ್ಚಿದರಂತೆ. ಗಾಡಿಯಲ್ಲಿ ಒಂದು ರಾತ್ರಿ, ಅರ್ಧ ಹಗಲು ಕುಲುಕಿಕೊಂಡು ಹೋದರೂ ಹುಳಿ ಏರುತ್ತಿರಲಿಲ್ಲ, ಬೂಚು ಹಾರುತ್ತಿರಲಿಲ್ಲ. ತಳಕ್ಕೆ ಕೂರುವ ಗಸಿ ಒಂದಿಷ್ಟು ಉಳಿದರೂ ಸೇಂದಿ ಬಾಟಲಿಯೊಳಗೇ ಮತ್ತೆ ನೊರೆಯೆದ್ದು ಕುದಿಯಲು ಶುರುವಾಗುತ್ತದೆ. ದುರುಗಪ್ಪ ಗಸಿ ಉಳಿಸುತ್ತಿರಲಿಲ್ಲ.

ಕಣ್ಣು ಹೋದ ಮೇಲೂ ಅವನು ನಡೆಸಿಕೊಂಡು ಬಂದದ್ದು ಸೊಸೆ ಹುಲಗೆಮ್ಮನಿಂದ. ಮಗ ವಿರುಪಣ್ಣ ಈಚಲ ಮರದಿಂದ ಬಿದ್ದು ಸತ್ತ ಮೇಲೆ ಅವಳು ಎರಡು ಮಕ್ಕಳನ್ನು ಕಟ್ಟಿಕೊಂಡು ಇದೇ ಅಂಗಳದಲ್ಲಿ ನೀರು ಹೊರುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಮಾವ ಗ್ಲಾಸು ಎತ್ತಿದಾಗ ಸೇಂದಿ ಮಬ್ಬಾಗಿದ್ದರೆ ಅವಳು ಕಂಕುಳ ಕೊಡವನ್ನು ಕಲ್ಲಿನ ಮೇಲಿಡುವಳು. ಸಪ್ಪಳ ಕೇಳಿದರೆ ದುರುಗಪ್ಪ "ಇನ್ನೊಂದ್ಸಲ ಸೋಸ್ಬೇಕ್ರಿ" ಎನ್ನುವನು. ಸಪ್ಪಳವಿಲ್ಲದಿದ್ದರೆ "ತಿಳಿ ಐತ್ರಿ" ಎನ್ನುವನು. ಎರಡು ವರ್ಷ ಒಂದು ಸಲವೂ ತಪ್ಪಿರಲಿಲ್ಲ.

ಈಗಲೂ ಅವನು ಕಿವಿಗೊಟ್ಟು ನಿಂತ. ಹುಲಗೆಮ್ಮ ಎಡಗಡೆ ನಾಲ್ಕು ಹೆಜ್ಜೆ ದೂರದಲ್ಲೇ ಇದ್ದಳು. ಅವಳ ಉಸಿರು ಕೂಡ ಕೇಳುತ್ತಿತ್ತು. ಕೊಡದ ಸಪ್ಪಳ ಬರಲಿಲ್ಲ.

"ತಿಳಿ ಐತ್ರಿ ಸಾವ್ಕಾರ್ರ," ಎಂದ ದುರುಗಪ್ಪ. "ತಳ ಕಾಣ್ತೈತಿ."

ಯಾರೋ ಒಬ್ಬ ಕಿಸಕ್ಕೆಂದ. ಯಂಕೋಬ ಕೈಯೆತ್ತಿ ಅವನನ್ನು ಸುಮ್ಮನಾಗಿಸಿ, ಹಿಂದೆ ಕೂತವರಿಗೆ ಕೇಳಿಸಿಲ್ಲ, ಇನ್ನೊಮ್ಮೆ ಗಟ್ಟಿಯಾಗಿ ಹೇಳೆಂದ. ದುರುಗಪ್ಪ ಹೇಳಿದ. ಮೂರನೇ ಸಲವೂ ಹೇಳಿಸಿದ ಮೇಲೆ ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಗ್ಲಾಸಿನಲ್ಲಿದ್ದದ್ದು ಗಡಿಗೆಯ ತಳ ಕೆರೆದು ತೆಗೆದ ಗಸಿ, ಅಕ್ಕಿ ತೊಳೆದ ನೀರಿಗಿಂತ ಮಂದ. ಯಂಕೋಬ ನಗಲಿಲ್ಲ. ಗ್ಲಾಸನ್ನು ಇಸಿದುಕೊಂಡು ಮುದುಕನ ತಲೆಯ ಮೇಲೆ ಸಾವಕಾಶ ಸುರಿದ.

"ಈಗರ ಕಾಣ್ತೇನು?"

ಗಸಿ ಹುಬ್ಬಿನಿಂದ ಇಳಿದು ಮೀಸೆಗೆ ಬಂತು. ದುರುಗಪ್ಪ ಒರೆಸಿಕೊಳ್ಳಲಿಲ್ಲ. ನಗುವವರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಅವನ ಕಿವಿ ಇನ್ನೂ ಎಡಗಡೆಗೇ ಇತ್ತು.

ಸೋಸುವ ಕೆಲಸ, ಅದರ ಜೊತೆಗೆ ಬರುವ ಜೋಳ, ಅಂಗಳದ ಮೂಲೆಯ ಗುಡಿಸಲು ಎಲ್ಲ ಅವತ್ತೇ ಹುಲಗೆಮ್ಮನ ಪಾಲಾಯಿತು. ದುರುಗಪ್ಪ ಬಾಟಲಿ ತೊಳೆಯುವುದೆಂದಾಯಿತು. ಸಂಜೆ ಅವಳು ರೊಟ್ಟಿ ತಂದಿಟ್ಟು, ಅವನ ಮುಂದೆಯೇ ನೆಲದ ಮೇಲೆ ಕೂತಳು. ಅತ್ತಿರಲಿಲ್ಲ. ಅಳುವವಳಲ್ಲ ಅವಳು.

"ನಿನ್ನೇನ ಸಾವ್ಕಾರ್ಗ ಎಲ್ಲಾ ಗೊತ್ತಾಗಿತ್ತು ಮಾವ. ಕೊಡ ಇಟ್ಟಿ ಅಂದ್ರ ಇಬ್ರೂ ಹೊರಗ ಅಂದ. ಇಡಲಿಲ್ಲ ಅಂದ್ರ ನಿನಗ ಕೆಲಸ ಅಂದ. ಎರಡು ಹುಡುಗ್ರು ಅದಾವು. ನಾ ಇಡಲಿಲ್ಲ."

"ನನಗೊಂದು ಮಾತು ಹೇಳ್ಬೇಕಿತ್ತು. ನಾನ ಬಿಟ್ಟುಕೊಡ್ತಿದ್ದೆ."

"ಕೊಡ್ತಿದ್ರೇನು?"

ದುರುಗಪ್ಪ ರೊಟ್ಟಿ ಮುರಿದ. ಕೊಡುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಈ ಕೆಲಸ ಬಿಟ್ಟರೆ ಅವನು ಒಬ್ಬ ಕುರುಡ ಮುದುಕ. ಅಷ್ಟೇ ಆಗಿ ಬದುಕಲು ಅವನಿಗೆ ಮನಸ್ಸಿರಲಿಲ್ಲ. ಹಾಗಾದರೆ ಮುಂಚೆಯೇ ಹೇಳಿದ್ದರೂ ಆಗುತ್ತಿದ್ದದ್ದು ಇದೇ ಎಂದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆಗಲಿಲ್ಲ. ಮೂರು ಸಲ ಹೇಳಿಸಿದ್ದರು. ಮೂರು ಸಲವೂ ಅವಳು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಕೇಳಿದ್ದಳು. ಅದು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು.

ಆಮೇಲಿನ ನಾಲ್ಕು ದಿನ ಅವನು ಬಾಟಲಿ ತೊಳೆದ. ಕುಡಿಯಲು ಬಂದವರು ಗ್ಲಾಸನ್ನು ಅವನ ಮುಖದ ಮುಂದೆ ಹಿಡಿದು, ದುರುಗಣ್ಣ, ತಿಳಿ ಐತೇನು ಎಂದು ಕೇಳುವರು. ಅವನು ತಿಳಿ ಐತ್ರಿ ಎನ್ನುವನು. ಹಾಗೆಂದರೆ ಅವರು ಬೇಗ ಹೋಗುತ್ತಾರೆಂದು ಕಲಿತುಕೊಂಡಿದ್ದ.

ಐದನೇ ದಿನ ಕೊಪ್ಪಳಕ್ಕೆ ಹೋಗುವ ಬಾಟಲಿಗಳ ಸರದಿ. ಈ ಸಲ ದೊಡ್ಡ ಪಾರ್ಟಿ, ಆರು ಡಜನ್ ಬಾಟಲಿ ಬೇಕು, ಯಾವ ಊರಿನವರೋ ಏನೋ ದೊಡ್ಡ ಸಾಹೇಬರು ಬರುತ್ತಾರಂತೆ ಎಂದು ಯಂಕೋಬ ಬೆಳಿಗ್ಗೆಯಿಂದ ಕುದಿಯುತ್ತಿದ್ದ. ಒಂದು ಬಾಟಲಿ ಕೆಟ್ಟರೂ ಮಕ್ಕಳ ಸಮೇತ ಬೀದಿಗೆ ಹಾಕುತ್ತೇನೆಂದು ಹುಲಗೆಮ್ಮನಿಗೆ ಎಲ್ಲರೆದುರು ಹೇಳಿದ. ಅವನು ಹೇಳಿದ್ದನ್ನು ಮಾಡುವವನೇ.

ದುರುಗಪ್ಪ ಬಾಟಲಿ ತೊಳೆಯುತ್ತ ಕೇಳಿಸಿಕೊಂಡ. ಗಡಿಗೆಯ ಸೇಂದಿ ಮೊದಲು ಜಾಲರಿಯಲ್ಲಿ ಇಳಿಯಿತು. ಆಮೇಲೆ ಮೂರು ಮಡಿಕೆಯ ಹಳೇ ಬಟ್ಟೆ. ಹನಿಯ ಸಪ್ಪಳ ಮೊದಲು ದಪ್ಪ, ಬರಬರುತ್ತ ಸಣ್ಣ. ಇಲ್ಲಿಯವರೆಗೆ ಎಲ್ಲ ಸರಿ. ಅಷ್ಟರಲ್ಲಿ ಹುಲಗೆಮ್ಮ ಬಟ್ಟೆ ಬಿಚ್ಚಿದಳು. ಕಲ್ಲಿನ ಮೇಲೆ ಬಟ್ಟೆ ಕುಕ್ಕುವ ಸಪ್ಪಳ, ಹಿಂಡುವ ಸಪ್ಪಳ. ಪ್ರತಿ ಗಡಿಗೆಗೂ ಅವಳು ಬಟ್ಟೆಯನ್ನು ಶುಭ್ರವಾಗಿ ಒಗೆದು ಕಟ್ಟುತ್ತಿದ್ದಳು. ಅಚ್ಚುಕಟ್ಟಿನ ಹೆಂಗಸು.

ಅವನು ಅವಳಿಗೆ ಎಲ್ಲವನ್ನೂ ಕಲಿಸಿದ್ದ, ಒಂದನ್ನು ಬಿಟ್ಟು. ಬಟ್ಟೆಯನ್ನು ಒಗೆಯಬಾರದು. ಮೊದಲು ಇಳಿದದ್ದು ಮಬ್ಬಾಗಿಯೇ ಇರುತ್ತದೆ. ಅದನ್ನು ಮತ್ತೆ ಅದೇ ಬಟ್ಟೆಗೆ ಸುರಿಯಬೇಕು. ಬಟ್ಟೆಯ ಮೇಲೆ ಗಸಿ ಬೆರಳಿನಷ್ಟು ದಪ್ಪ ಕೂತ ಮೇಲೆ ಆ ಗಸಿಯೇ ಉಳಿದ ಗಸಿಯನ್ನು ಹಿಡಿಯುತ್ತದೆ. ಬಟ್ಟೆ ಬರೀ ನೆಪ. ಈ ಹೊತ್ತಿಗೆ ಅವನು ಯಾವಾಗಲೂ ಸೊಸೆಯನ್ನು ನೀರಿಗೆ ಕಳಿಸುತ್ತಿದ್ದ. ತನ್ನ ಜಾಗ ಭದ್ರವಾಗಿರಲೆಂದು. ಒಗೆದ ಬಟ್ಟೆಯಲ್ಲೇ ಮತ್ತೆ ಮತ್ತೆ ಸೋಸಿದ ಸೇಂದಿ ಇವತ್ತು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ಆದರೆ ಸಣ್ಣ ಗಸಿ ಒಳಗೇ ಉಳಿದಿರುತ್ತದೆ. ನಾಳೆ ಸಂಜೆಯಷ್ಟರಲ್ಲಿ ಸಾಹೇಬರ ಮೇಜಿನ ಮೇಲೆ ಬೂಚುಗಳು ಚಾವಣಿಗೆ ಹಾರುತ್ತವೆ.

ಹೇಳಿಬಿಡಲೇ ಎಂದು ಎರಡು ಸಲ ಅವನ ಬಾಯಿ ತೆರೆಯಿತು. ಎರಡು ಸಲವೂ ತಣ್ಣೀರಿನಲ್ಲಿ ಕೈ ಅದ್ದಿ ಇನ್ನೊಂದು ಬಾಟಲಿ ತೆಗೆದುಕೊಂಡ. ಇನ್ನೂ ಹೊತ್ತಿದೆ, ಗಾಡಿ ಕಟ್ಟುವ ಮುಂಚೆ ಹೇಳಿದರಾಯಿತು ಎಂದುಕೊಂಡ.

ಕೊನೆಯ ಬೂಚು ಜಡಿದಾದ ಮೇಲೆ ಹುಲಗೆಮ್ಮ ಒಂದು ಬಾಟಲಿ ತಂದು ಅವನ ಕೈಯಲ್ಲಿಟ್ಟಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಗಾಡಿಯವನು ಎತ್ತಿಗೆ ನೀರು ಕುಡಿಸುತ್ತಿದ್ದ.

"ಮಾವ, ನಾ ಏನರ ಬಿಟ್ಟೀನೇನು? ಬೈರಿ, ಹೊಡೀರಿ. ಹೇಳ್ರಿ."

ಮಾವ ಎನ್ನುವಾಗ ಅವಳ ದನಿ ವಿರುಪಣ್ಣ ಸತ್ತ ದಿನದ ಹಾಗೆ ಒಡೆಯಿತು. ದುರುಗಪ್ಪ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದ. ಒಳಗೆ ಸಣ್ಣಗೆ, ಇರುವೆ ಹರಿದಷ್ಟು ಸಪ್ಪಳದಲ್ಲಿ, ಗುಳ್ಳೆ ಏಳುತ್ತಿತ್ತು. ಅವನ ಕಿವಿಗೆ ಬಿಟ್ಟರೆ ಊರಲ್ಲಿ ಇನ್ಯಾರಿಗೂ ಅದು ಕೇಳುವಂಥದ್ದಲ್ಲ.

"ಏನೂ ಬಿಟ್ಟಿಲ್ಲವ್ವ," ಎಂದ. "ಛಲೋ ಆಗೇತಿ. ಹೇರಂತ ಹೇಳು."

ಅವಳು ಅಷ್ಟು ದಿನದಲ್ಲಿ ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟಳು. ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಾಟಲಿಗಳನ್ನು ಹುಲ್ಲಿನಲ್ಲಿ ಹುದುಗಿಸಿ ಗಾಡಿಗೇರಿಸುವ ಗಡಿಬಿಡಿಯಲ್ಲಿ, ಅಡ್ಡ ಬರುತ್ತಿದ್ದ ಚಿಕ್ಕ ಮಗಳನ್ನು ಎತ್ತಿ ತಂದು ಅವನ ತೊಡೆಯ ಮೇಲೆ ಕೂರಿಸಿ ಹೋದಳು.

ಮಗು ಒಂದಿಷ್ಟು ಹೊತ್ತು ಅವನ ಒದ್ದೆ ಬೆರಳುಗಳ ಜೊತೆ ಆಡಿ, ಎದೆಗೊರಗಿ ನಿದ್ದೆ ಹೋಯಿತು. ಗಾಡಿಯ ಗಾಲಿ ಅಂಗಳದ ಕಲ್ಲು ದಾಟಿ, ಮಣ್ಣಿಗಿಳಿದು, ಕೊಪ್ಪಳದ ದಾರಿಗೆ ತಿರುಗಿದ್ದು ದುರುಗಪ್ಪನಿಗೆ ಕೇಳಿಸಿತು. ಕಾಲು ಜೋಮು ಹಿಡಿದಿತ್ತು. ಮಗು ಎದ್ದೀತೆಂದು ಅವನು ಅಲುಗಾಡದೆ ಕೂತ.